ವರ್ಷಕ್ಕೊಂದು ಇಡೀ ಪುಸ್ತಕ: ಹದಿಹರೆಯದ ತರಗತಿಗೆ ಸಾಹಿತ್ಯ ಆರಿಸುವ ಬಗೆ

ರವೀಂದ್ರನಾಥ ಠಾಕೂರರ ‘ಛುಟಿ’ ಕತೆಯಲ್ಲಿ ಫಟಿಕ ಎಂಬ ಹುಡುಗನಿದ್ದಾನೆ. ಹದಿಮೂರು–ಹದಿನಾಲ್ಕರ ವಯಸ್ಸು. ಊರಿನಲ್ಲಿ ಪುಂಡ ಹುಡುಗರಿಗೆಲ್ಲ ಅವನೇ ನಾಯಕ. ಸೋದರಮಾವ ‘ನಮ್ಮಲ್ಲಿದ್ದು ಓದಲಿ’ ಎಂದು ಅವನನ್ನು ಕಲ್ಕತ್ತೆಗೆ ಕರೆತರುತ್ತಾನೆ. ಅತ್ತೆಯ ಪಾಲಿಗೆ ಹುಡುಗ ಹೊರೆ, ಶಾಲೆಯ ಪಾಲಿಗೆ ದಡ್ಡ. ಒಂದು ದಿನ ಪಾಠದ ಪುಸ್ತಕವನ್ನೇ ಕಳೆದುಕೊಂಡು ಬರುತ್ತಾನೆ. ಶಾಲೆಯಲ್ಲಿ ಏಟು, ಮನೆಯಲ್ಲಿ ಬೈಗುಳ. ಆ ವಯಸ್ಸಿನ ಹುಡುಗ ಮುದ್ದಿಗೂ ಸಲ್ಲುವುದಿಲ್ಲ, ಕೆಲಸಕ್ಕೂ ಒದಗುವುದಿಲ್ಲ ಎಂಬ ಅರ್ಥದ ಮಾತನ್ನು ಠಾಕೂರರು ಆ ಕತೆಯಲ್ಲಿ ಬರೆದು ನೂರಮೂವತ್ತು ವರ್ಷ ದಾಟಿತು. ಒಂಬತ್ತನೇ ತರಗತಿಗೆ ಪಾಠ ಹೇಳುವ ಯಾವ ಮೇಷ್ಟ್ರಿಗೂ ಅದು ಹಳೆಯ ಮಾತು ಅನಿಸಲಿಕ್ಕಿಲ್ಲ.

ಫಟಿಕನಿಗೆ ಪುಸ್ತಕ ಹೋಯಿತೆಂಬ ದುಃಖ ಇದ್ದದ್ದು ಏಟಿನ ಭಯಕ್ಕೆ, ಪುಸ್ತಕದ ಮೇಲಿನ ಆಸೆಗಲ್ಲ. ನಮ್ಮ ಪ್ರಶ್ನೆ ಶುರುವಾಗುವುದು ಇಲ್ಲಿಂದಲೇ. ಕಳೆದುಹೋದರೆ ಹುಡುಗನೋ ಹುಡುಗಿಯೋ ತಾನಾಗಿ ಹುಡುಕಿಕೊಂಡು ಹೋಗುವಂಥ ಪುಸ್ತಕ ಯಾವುದು? ಅದನ್ನು ಶಾಲೆ ಆರಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ಕೋಲ್ಕತ್ತದಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ಶಾಲೆಗೆ ಪುಸ್ತಕ ಒದಗಿಸಲೆಂದೇ ‘ಕಲ್ಕತ್ತಾ ಸ್ಕೂಲ್ ಬುಕ್ ಸೊಸೈಟಿ’ ಇಲ್ಲಿ ಹುಟ್ಟಿದ್ದು 1817ರಲ್ಲಿ. ಧರ್ಮಬೋಧೆಯ ಪುಸ್ತಕಗಳನ್ನು ತಾನು ಒದಗಿಸುವುದಿಲ್ಲ ಎಂದು ಅದು ಆಗಲೇ ನಿಯಮ ಮಾಡಿಕೊಂಡಿತ್ತು. ಶಾಲೆಯ ಪುಸ್ತಕದಲ್ಲಿ ಏನಿರಬೇಕು, ಏನಿರಬಾರದು ಎಂಬ ಜಗಳಕ್ಕೆ ಇನ್ನೂರು ವರ್ಷದ ಇತಿಹಾಸವಿದೆ ಎಂದಾಯಿತು. 1855ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ‘ವರ್ಣಪರಿಚಯ’ ಬಂತು. ಅದರಲ್ಲಿ ಹೇಳಿದಂತೆ ಕೇಳುವ ಗೋಪಾಲನೂ ಇದ್ದ, ಹೇಳಿದ್ದು ಕೇಳದ ರಾಖಾಲನೂ ಇದ್ದ. ಮುಂದೆ ಠಾಕೂರರು ವಿದ್ಯಾಸಾಗರರ ಬಗ್ಗೆ ಬರೆಯುತ್ತ, ಅವರು ತಾವೇ ಬರೆದ ಗೋಪಾಲನಿಗಿಂತ ಬಾಲ್ಯದಲ್ಲಿ ರಾಖಾಲನಿಗೇ ಹತ್ತಿರವಿದ್ದರು ಎಂದು ತಮಾಷೆ ಮಾಡಿದರು. ಪಠ್ಯಕ್ಕೆ ಗೋಪಾಲರನ್ನೇ ಆರಿಸಿ ಮುಂದೆ ರಾಖಾಲರು ಕೂತಿರುವುದನ್ನು ಮರೆಯುವ ಅಭ್ಯಾಸ ನಮಗೂ ಇದೆ.

ಠಾಕೂರರ ಇನ್ನೊಂದು ಕತೆ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ರಾಜನ ಗಿಳಿಗೆ ವಿದ್ಯೆ ಕಲಿಸುತ್ತೇವೆಂದು ಪಂಡಿತರು ಅದರ ಬಾಯಿಗೆ ಪುಸ್ತಕದ ಹಾಳೆಗಳನ್ನು ತುರುಕಿ ತುರುಕಿ ಸಾಯಿಸುವ ‘ತೋತಾಕಾಹಿನಿ’. ಬಿ.ವಿ. ಕಾರಂತರು ಅದನ್ನು ‘ಪಂಜರ ಶಾಲೆ’ ನಾಟಕ ಮಾಡಿದ ಮೇಲೆ ಕರ್ನಾಟಕದ ಎಷ್ಟೋ ಶಾಲೆಗಳ ಮಕ್ಕಳು ಆ ಗಿಳಿಯಾಗಿ ಕುಣಿದಿದ್ದಾರೆ. ನಾಟಕ ನೋಡಿ ಚಪ್ಪಾಳೆ ತಟ್ಟಿದ ನಾವು ಮರುದಿನ ತರಗತಿಯಲ್ಲಿ ಅದೇ ಹಾಳೆ ತುರುಕುವ ಕೆಲಸಕ್ಕೆ ಕೂರುತ್ತೇವೆ.

ಐದು ತರಗತಿ, ಐದು ಪುಸ್ತಕ

ಕಾಲೇಜ್ ಸ್ಟ್ರೀಟಿನಲ್ಲಿ ಪ್ರೆಸಿಡೆನ್ಸಿಯ ಬೇಲಿಗೆ ಒರಗಿಕೊಂಡು ಸಾಲುಸಾಲು ಪುಸ್ತಕದ ಗೂಡಂಗಡಿಗಳಿವೆ. ಬಂಗಾಳಿಗಳು ಈ ಬೀದಿಯನ್ನು ‘ಬೋಯಿಪಾಡಾ’ ಅನ್ನುತ್ತಾರೆ, ಅಂದರೆ ಪುಸ್ತಕದ ಕೇರಿ. ಇಲ್ಲಿ ಗೈಡು, ಪ್ರಶ್ನೆಪತ್ರಿಕೆಗಳ ರಾಶಿಯ ನಡುವೆ ರಾಜ್ಯ ಪಠ್ಯಕ್ರಮದ ಮಕ್ಕಳು ಕೇಳುವ ಐದು ಪುಸ್ತಕಗಳನ್ನು ಗಮನಿಸಿ. ಬಂಗಾಳಿಯನ್ನು ಪ್ರಥಮ ಭಾಷೆಯಾಗಿ ಓದುವವರಿಗೆ, ಗದ್ಯ–ಪದ್ಯ ಸಂಕಲನದ ಜೊತೆಗೆ, ಕಳೆದ ದಶಕದ ಪರಿಷ್ಕರಣೆಯಲ್ಲಿ ತರಗತಿಗೊಂದರಂತೆ ಇಟ್ಟ ಸಹಾಯಕ ಪಠ್ಯಗಳಿವು.

ಆರನೇ ತರಗತಿಗೆ ಸುಕುಮಾರ ರಾಯ್ ಅವರ ‘ಹ–ಜ–ಬ–ರ–ಲ’. ಬೆವರು ಒರೆಸಿಕೊಳ್ಳಲು ಕರವಸ್ತ್ರಕ್ಕೆ ಕೈ ಹಾಕಿದರೆ ಅದು ಬೆಕ್ಕಾಗಿ ಕೂತಿರುತ್ತದೆ. ಕಾಗೆಯೊಂದು ಸ್ಲೇಟು ಹಿಡಿದು ಲೆಕ್ಕ ಮಾಡುತ್ತದೆ. ತಲೆಬುಡವಿಲ್ಲದ ನಗು, ಆದರೆ ನಗುವಿನೊಳಗೆ ಕೋರ್ಟು ಕಚೇರಿಯ ಅಣಕವೂ ಇದೆ. ಏಳಕ್ಕೆ ಲೀಲಾ ಮಜುಮ್ದಾರರ ‘ಮಾಕು’. ಇಬ್ಬರು ಪುಟ್ಟ ಅಕ್ಕತಂಗಿಯರು, ಒಂದು ಕಾಡು, ಮತ್ತು ನಗಲು ಅಳಲು ಕಲಿಯಬೇಕೆಂದು ಹಂಬಲಿಸುವ ಕೀಲಿಗೊಂಬೆಯ ಮನುಷ್ಯ. ಎಂಟಕ್ಕೆ ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿ. ಒಂಬತ್ತಕ್ಕೆ ಸುಕುಮಾರ ರಾಯ್ ಅವರ ಮಗ ಸತ್ಯಜಿತ್ ರಾಯ್ ಅವರ ‘ಪ್ರೊಫೆಸರ್ ಶಂಕುವಿನ ಡೈರಿ’. ಇಲ್ಲೂ ಒಂದು ಕಾಗೆ ಬರುತ್ತದೆ, ವಿಜ್ಞಾನಿ ಶಂಕು ಅದಕ್ಕೆ ಪಾಠ ಹೇಳುತ್ತಾನೆ. ಅಪ್ಪನ ಕಾಗೆ ಆರನೇ ತರಗತಿಯಲ್ಲಿ ಲೆಕ್ಕ ಮಾಡುತ್ತದೆ, ಮಗನ ಕಾಗೆ ಒಂಬತ್ತರಲ್ಲಿ ಲೆಕ್ಕ ಕಲಿಯುತ್ತದೆ. ಹತ್ತಕ್ಕೆ ಕ್ರೀಡಾ ಪತ್ರಕರ್ತರಾಗಿದ್ದ ಮೋತಿ ನಂದಿಯವರ ‘ಕೋನಿ’, ಕೋಲ್ಕತ್ತದ ಬಡಪಾಯಿ ಹುಡುಗಿಯೊಬ್ಬಳು ಈಜುಗಾರ್ತಿಯಾಗುವ ಕಾದಂಬರಿ.

‘ಕೋನಿ’ ಶುರುವಾಗುವುದು ಹೇಗೆಂದು ನೋಡಿ. ಬಾರುಣಿ ಹಬ್ಬದ ದಿನ ಜನ ಗಂಗೆಗೆ ಮಾವಿನಕಾಯಿ ಅರ್ಪಿಸುತ್ತಾರೆ. ತೇಲಿಹೋಗುವ ಆ ಕಾಯಿಗಳನ್ನು ಹಿಡಿದು ಮಾರಿ ನಾಲ್ಕು ಕಾಸು ಮಾಡಿಕೊಳ್ಳಲು ಗುಡಿಸಲ ಮಕ್ಕಳು ನೀರಿಗೆ ಹಾರುತ್ತಾರೆ. ಆ ಕಿತ್ತಾಟದಲ್ಲಿ ಒಂದು ಹುಡುಗಿಯ ಮೇಲೆ ಈಜು ಕಲಿಸುವ ಕ್ಷಿತೀಶ ಸಿಂಹನ ಕಣ್ಣು ಬೀಳುತ್ತದೆ. ದೇವರು, ಹಸಿವು, ಆಟ, ಜಗಳ, ಪ್ರತಿಭೆ ಎಲ್ಲವೂ ಮೊದಲ ಅಧ್ಯಾಯದಲ್ಲೇ ಬಂದಾಯಿತು. ಇದರಲ್ಲಿ ಯಾವುದನ್ನೂ ಮೇಷ್ಟ್ರು ವಿವರಿಸಬೇಕಿಲ್ಲ. ಹದಿನೈದರ ಹುಡುಗಿ ಓದಿದರೆ ಸಾಕು.

ಈ ಐದನ್ನೂ ಒಟ್ಟಿಗೆ ಇಟ್ಟರೆ ಒಂದು ಏಣಿ ಕಾಣುತ್ತದೆ. ಮೊದಲು ನಗು, ಆಮೇಲೆ ಸಾಹಸ, ಆಮೇಲೆ ಸಾವು, ಆಮೇಲೆ ಕುತೂಹಲ, ಕೊನೆಗೆ ದುಡಿಮೆ ಮತ್ತು ಅವಮಾನ. ಇನ್ನೂ ಮುಖ್ಯವಾದದ್ದು, ಎಲ್ಲವೂ ಕೈಯಲ್ಲಿ ಹಿಡಿದು ಮೊದಲಿಂದ ಕೊನೆವರೆಗೆ ಓದಬಹುದಾದ ಬಿಡಿ ಪುಸ್ತಕಗಳು.

ಈಗ ನಮ್ಮ ಕಡೆ ನೋಡೋಣ. ಕರ್ನಾಟಕದ ಪ್ರೌಢಶಾಲೆಯ ‘ಸಿರಿ ಕನ್ನಡ’ದಲ್ಲಿ ಒಳ್ಳೆಯ ಲೇಖಕರಿಗೆ ಕೊರತೆಯಿಲ್ಲ, ಆದರೆ ಅದು ಬಿಡಿ ಪಾಠಗಳ ಸಂಕಲನ. ಹಿಂದೆ ‘ಉಪಪಠ್ಯ’ವೆಂದು ಬೇರೆಯೇ ಪುಸ್ತಕ ಓದಿಸುವ ಪದ್ಧತಿ ನಮ್ಮಲ್ಲೂ ಇತ್ತು. ಈಗ ಮಕ್ಕಳ ಕೈಗೆ ಒಂದು ಇಡೀ ಕೃತಿ ಪಠ್ಯವಾಗಿ ಸಿಗುವುದು ಪಿಯುಸಿಯಲ್ಲಿ. ಮೊದಲ ವರ್ಷಕ್ಕೆ ಚಂದ್ರಶೇಖರ ಕಂಬಾರರ ‘ಬೋಳೇಶಂಕರ’ ನಾಟಕ, ಎರಡನೇ ವರ್ಷಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’. ಎರಡೂ ಒಳ್ಳೆಯ ಆಯ್ಕೆಗಳೇ. ಆದರೆ ಅಷ್ಟು ಹೊತ್ತಿಗೆ ಹುಡುಗ ವಿಜ್ಞಾನವೋ ವಾಣಿಜ್ಯವೋ ಹಿಡಿದು ಟ್ಯೂಷನ್ನಿಗೆ ಓಡುತ್ತಿರುತ್ತಾನೆ. ಓದುವ ಚಟ ಹತ್ತಬೇಕಾದ ವಯಸ್ಸು ದಾಟಿಹೋಗಿರುತ್ತದೆ. 2022ರಲ್ಲಿ ಪಠ್ಯ ಪರಿಷ್ಕರಣೆಯ ಗದ್ದಲ ಎದ್ದಾಗ ಯಾರ ಪಾಠ ಒಳಗೆ, ಯಾರದು ಹೊರಗೆ ಎಂದು ತಿಂಗಳುಗಟ್ಟಲೆ ಮಾತಾಡಿದೆವು. ಒಂದು ಪುಸ್ತಕವನ್ನಾದರೂ ಮಗು ಪೂರ್ತಿ ಓದುತ್ತದೆಯೇ ಎಂಬ ಮಾತು ಆ ಗದ್ದಲದಲ್ಲಿ ಏಳಲೇ ಇಲ್ಲ.

ಸರ್ಕಾರ ಪಠ್ಯ ಬದಲಿಸಲಿ ಎಂದು ಕಾಯಬೇಕಿಲ್ಲ. ವಾರಕ್ಕೊಂದು ಗ್ರಂಥಾಲಯದ ಅವಧಿ ಹಲವು ಶಾಲೆಗಳ ವೇಳಾಪಟ್ಟಿಯಲ್ಲಿ ಹೆಸರಿಗಾದರೂ ಇರುತ್ತದೆ. ಅದನ್ನು ಹಿಡಿದು ವರ್ಷಕ್ಕೊಂದು ಪುಸ್ತಕ ಓದಿಸಲು ಯಾರ ಅಪ್ಪಣೆಯೂ ಬೇಡ. ಬೇಕಿರುವುದು ಸರಿಯಾದ ಆಯ್ಕೆ. ಅದಕ್ಕೆ ಆರು ಪರೀಕ್ಷೆಗಳಿವೆ.

ಆರಿಸುವ ಮೊದಲು ಆರು ಪರೀಕ್ಷೆ

1. ಗಟ್ಟಿಯಾಗಿ ಓದಿ ನೋಡಿ. ಪುಸ್ತಕದ ಮೊದಲ ಹತ್ತು ಪುಟಗಳನ್ನು ನಾಲ್ಕೈದು ಮಕ್ಕಳ ಮುಂದೆ ಗಟ್ಟಿಯಾಗಿ ಓದಿ. ಚುರುಕಿನವರೇ ಬೇಡ, ಹಿಂದಿನ ಬೆಂಚಿನ ಇಬ್ಬರು ಇರಲಿ. ಪುಟಕ್ಕೆ ಐದಾರು ಪದಗಳ ಅರ್ಥ ಹೇಳಬೇಕಾಗಿ ಬಂದರೆ ಪರವಾಗಿಲ್ಲ, ಹತ್ತು ದಾಟಿದರೆ ಆ ಪುಸ್ತಕ ಮುಂದಿನ ವರ್ಷಕ್ಕೆ. ನಿಲ್ಲಿಸಿದಾಗ ‘ಆಮೇಲೆ?’ ಎಂದು ಒಬ್ಬರಾದರೂ ಕೇಳಬೇಕು. ಕೇಳದಿದ್ದರೆ ಪ್ರಶಸ್ತಿ ಬಂದ ಪುಸ್ತಕವಾದರೂ ಕಪಾಟಿಗೆ ಮರಳಲಿ.

2. ನೀತಿ ಹುಡುಕಬೇಡಿ, ಜಗಳ ಹುಡುಕಿ. ‘ಈ ಕತೆಯಿಂದ ತಿಳಿಯುವ ನೀತಿ ಏನು?’ ಎಂಬ ಪ್ರಶ್ನೆಗೆ ಒಂದೇ ಉತ್ತರವಿರುತ್ತದೆ, ಅದು ಗೈಡಿನಲ್ಲೂ ಇರುತ್ತದೆ. ತರಗತಿಯನ್ನು ಎರಡು ಪಕ್ಷ ಮಾಡುವ ಪ್ರಶ್ನೆ ಪುಸ್ತಕದಲ್ಲಿ ಇದೆಯೇ ಎಂದು ನೋಡಿ. ‘ಪಥೇರ್ ಪಾಂಚಾಲಿ’ಯಲ್ಲಿ ದುರ್ಗಾಳ ಮೇಲೆ ಚಿನ್ನದ ಕುಂಕುಮದ ಡಬ್ಬಿ ಕದ್ದ ಆರೋಪ ಬರುತ್ತದೆ, ಅವಳು ಒಪ್ಪುವುದಿಲ್ಲ. ಅವಳು ಸತ್ತ ಮೇಲೆ ತಮ್ಮ ಅಪುವಿಗೆ ಮನೆಯಲ್ಲಿ ಆ ಡಬ್ಬಿ ಸಿಗುತ್ತದೆ. ಅವನು ಅದನ್ನು ಯಾರಿಗೂ ತೋರಿಸದೆ ಬಿದಿರು ಮೆಳೆಯೊಳಕ್ಕೆ ಎಸೆಯುತ್ತಾನೆ. ಅಪು ಮಾಡಿದ್ದು ಸರಿಯೇ? ಡಬ್ಬಿಯನ್ನು ಒಡೆಯರಿಗೆ ಕೊಡಬೇಕಿತ್ತೇ? ಅಮ್ಮನಿಗಾದರೂ ಹೇಳಬೇಕಿತ್ತೇ? ಎಂಟನೇ ತರಗತಿಯ ಮಕ್ಕಳು ಈ ಒಂದು ಪ್ರಶ್ನೆಗೆ ಒಂದು ಅವಧಿಯಿಡೀ ಕಿತ್ತಾಡಬಲ್ಲರು. ನಮ್ಮ ‘ಕೃಷ್ಣೇಗೌಡನ ಆನೆ’ಯೂ ಅಂಥದ್ದೇ. ಊರಿನ ಸಕಲ ಅನಿಷ್ಟಕ್ಕೂ ಆನೆಯೇ ಹೊಣೆ ಎಂದು ಜನ ಒಬ್ಬೊಬ್ಬರಾಗಿ ಹೇಳುತ್ತ ಹೋದಂತೆ ನಿಜವಾದ ತಪ್ಪಿತಸ್ಥರು ಯಾರೆಂದು ಓದುವವರೇ ಲೆಕ್ಕ ಹಾಕಬೇಕಾಗುತ್ತದೆ.

3. ಕತೆಯೊಳಗೆ ಅವರ ವಯಸ್ಸಿನವರು ಇದ್ದಾರೆಯೇ? ಎಲ್ಲ ಪುಸ್ತಕದಲ್ಲೂ ಇರಬೇಕೆಂದಿಲ್ಲ. ಆದರೆ ಮೊದಲ ವರ್ಷದ ಪುಸ್ತಕದಲ್ಲಿ ಇದ್ದರೆ ಬಾಗಿಲು ಬೇಗ ತೆರೆಯುತ್ತದೆ. ಸತ್ಯಜಿತ್ ರಾಯ್ 1965ರಲ್ಲಿ ‘ಸಂದೇಶ್’ ಪತ್ರಿಕೆಗೆ ಪತ್ತೇದಾರ ಫೆಲುದಾನ ಕತೆ ಬರೆಯಲು ಕೂತಾಗ, ಕತೆ ಹೇಳುವ ಕೆಲಸವನ್ನು ಫೆಲುದಾನಿಗೆ ಕೊಡಲಿಲ್ಲ. ಅವನ ಹಿಂದೆ ಮುಂದೆ ಓಡಾಡುವ ಕಿರಿಯ ಸೋದರಸಂಬಂಧಿ ತೋಪ್ಶೆಗೆ ಕೊಟ್ಟರು. ಓದುವ ಹುಡುಗನಿಗೆ ಕೂರಲು ಕತೆಯಲ್ಲೇ ಒಂದು ಜಾಗ ಆಯಿತು.

4. ಹೆಣ್ಣುಮಕ್ಕಳಿಗೆ ಏನಿದೆ, ಯಾರ ಕೇರಿ ಇಲ್ಲಿ ಕಾಣುತ್ತಿಲ್ಲ? ಐದು ವರ್ಷದ ಪಟ್ಟಿಯನ್ನು ಒಟ್ಟಿಗೆ ಬರೆದು ನೋಡಿ. ಎಲ್ಲ ನಾಯಕರೂ ಹುಡುಗರೇ ಆಗಿದ್ದರೆ, ಎಲ್ಲ ಮನೆಗಳೂ ಹಂಚಿನ ಮನೆಗಳೇ ಆಗಿದ್ದರೆ, ಎಲ್ಲ ಅಮ್ಮಂದಿರೂ ಅಡುಗೆಮನೆಯಲ್ಲೇ ಇದ್ದರೆ ಒಂದನ್ನಾದರೂ ಬದಲಿಸಿ. ಬಿಡಿಬಿಡಿಯಾಗಿ ನೋಡಿದಾಗ ಎಲ್ಲ ಪುಸ್ತಕವೂ ಒಳ್ಳೆಯದೇ ಅನಿಸುತ್ತದೆ. ಪಟ್ಟಿಯ ತಪ್ಪು ಕಾಣುವುದು ಪಟ್ಟಿ ಮಾಡಿದಾಗ ಮಾತ್ರ.

5. ಸಂಕ್ಷಿಪ್ತ ಆವೃತ್ತಿಯಾದರೆ, ಸಂಕ್ಷೇಪಿಸಿದವರು ಯಾರು? ‘ಪಥೇರ್ ಪಾಂಚಾಲಿ’ಯ ಮಕ್ಕಳ ರೂಪ ‘ಆಮ್ ಆಂಟಿರ್ ಭೇಂಪು’, ಅಂದರೆ ಮಾವಿನ ಗೊರಟೆಯ ಪೀಪಿ, 1940ರ ದಶಕದಲ್ಲಿ ಸಿಗ್ನೆಟ್ ಪ್ರೆಸ್‌ನಿಂದ ಬಂತು. ಅದಕ್ಕೆ ಚಿತ್ರ ಬರೆದವರು ಆಗ ಜಾಹೀರಾತು ಕಂಪನಿಯಲ್ಲಿದ್ದ ತರುಣ ಸತ್ಯಜಿತ್ ರಾಯ್. ಚಿತ್ರ ಬರೆಯಲು ಕೂತವರ ತಲೆಯಲ್ಲಿ ಸಿನಿಮಾ ಮೊಳೆಯಿತು. 1955ರಲ್ಲಿ ಅದು ತೆರೆಗೆ ಬಂತು. ಸಂಕ್ಷೇಪವೆಂದರೆ ಕೀಳು ಎಂದುಕೊಳ್ಳುವವರು ಇದನ್ನು ನೆನೆಯಬೇಕು. ಆದರೆ ಒಂದು ಎಚ್ಚರ: ಅಧ್ಯಾಯಗಳನ್ನು ಬಿಟ್ಟು, ಉಳಿದ ವಾಕ್ಯಗಳನ್ನು ಲೇಖಕರದೇ ಆಗಿ ಉಳಿಸಿದ ಸಂಕ್ಷೇಪ ಒಳ್ಳೆಯದು. ಕತೆಯನ್ನಷ್ಟೇ ಉಳಿಸಿಕೊಂಡು ವಾಕ್ಯಗಳನ್ನೆಲ್ಲ ಯಾರೋ ಹೊಸದಾಗಿ ಬರೆದದ್ದು ಸಾರಾಂಶ, ಸಾಹಿತ್ಯವಲ್ಲ. ಮೂಲದ ಒಂದು ಪುಟ, ಸಂಕ್ಷೇಪದ ಒಂದು ಪುಟ ಪಕ್ಕಪಕ್ಕ ಇಟ್ಟರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

6. ಕಷ್ಟದ ವಿಷಯ ಇದ್ದರೆ, ಅದನ್ನು ಹಿಡಿಯಲು ನೀವು ತಯಾರೇ? ಸಾವು, ಜಾತಿ, ಹಸಿವು, ಹೆಣ್ಣಿನ ಮೇಲಿನ ದೌರ್ಜನ್ಯ ಇವೆಲ್ಲ ಹದಿನಾಲ್ಕರ ಮಕ್ಕಳಿಗೆ ಗೊತ್ತೇ ಇಲ್ಲವೆಂದು ನಟಿಸುವುದು ನಮ್ಮ ಅನುಕೂಲಕ್ಕೆ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಗಳು ಬೆಳ್ಳಿಗೆ ಆಗುವುದನ್ನು ಹತ್ತನೇ ತರಗತಿಯಲ್ಲಿ ಮಾತಾಡಬಹುದು, ಎಂಟರಲ್ಲಿ ಬೇಡ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾಸರಗೋಡು ಸೀಮೆಯ ಎಳೆಯ ಹೆಣ್ಣೊಬ್ಬಳ ಮದುವೆ, ತಲಾಕಿನ ಕತೆ; ಅದರ ದುರಂತ ಅಂತ್ಯದ ಕಾರಣಕ್ಕೆ ಅದನ್ನು ಪಿಯುಸಿಗೆ ಇಡಿ, ಓದಿಸಿದ ದಿನ ಮಾತಿಗೆ ಸಮಯವನ್ನೂ ಇಡಿ. ನಿಯಮ ಸರಳ: ಪುಸ್ತಕ ಓದಿದ ಮೇಲೆ ಮಗು ಒಬ್ಬಂಟಿಯಾಗಿ ಬಂದು ಏನಾದರೂ ಹೇಳಿಕೊಂಡರೆ ಕೇಳಿಸಿಕೊಳ್ಳುವ ಒಬ್ಬ ದೊಡ್ಡವರು ಶಾಲೆಯಲ್ಲಿ ಇರಬೇಕು. ಇಲ್ಲದಿದ್ದರೆ ಆ ಪುಸ್ತಕವನ್ನು ಮುಂದೂಡಿ. ಪೋಷಕರಿಗೆ ಮುಂಚೆಯೇ ಒಂದು ಪುಟದ ಪತ್ರ ಕಳಿಸಿ: ಯಾವ ಪುಸ್ತಕ, ಏಕೆ, ಅದರಲ್ಲಿ ಏನಿದೆ. ಪುಸ್ತಕದ ಬಗ್ಗೆ ಬರುವ ಮುಕ್ಕಾಲು ಜಗಳ ಪುಸ್ತಕ ಓದದವರದು. ಪತ್ರ ಅದನ್ನು ಅಲ್ಲಿಗೇ ಮುಗಿಸುತ್ತದೆ.

ಕನ್ನಡ ತರಗತಿಗೆ ಒಂದು ಏಣಿ

ಬಂಗಾಳದ ಏಣಿಯನ್ನು ಎತ್ತಿ ತಂದು ಇಲ್ಲಿ ನಿಲ್ಲಿಸಲಾಗದು. ನಮ್ಮ ಮರದಲ್ಲೇ ಮೆಟ್ಟಿಲು ಕಡಿಯಬೇಕು. ಇದು ಒಂದು ಮಾದರಿ ಮಾತ್ರ. ನಿಮ್ಮ ಮಕ್ಕಳನ್ನು ನೋಡಿ ಬದಲಿಸಿಕೊಳ್ಳಿ.

• ಆರನೇ ತರಗತಿ: ಬಿ.ವಿ. ಕಾರಂತರ ‘ಪಂಜರ ಶಾಲೆ’. ಓದಿ ಮುಗಿಸಿ ಆಡಿಸಿ. ಈ ವಯಸ್ಸಿನಲ್ಲಿ ನಾಟಕ ಬಾಯಿಗೆ ಬಂದರೆ ಪುಸ್ತಕದ ಹೆದರಿಕೆ ಅರ್ಧ ಹೋಗುತ್ತದೆ.

• ಏಳು: ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದ ಪುಸ್ತಕ. ಗಾಂಧಿಯನ್ನು ಪಟದಿಂದ ಇಳಿಸಿ ತಪ್ಪು ಮಾಡುವ ಹುಡುಗನಾಗಿ ತೋರಿಸುವುದೇ ಇದರ ಗೆಲುವು.

• ಎಂಟು: ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’. ಇದಕ್ಕೂ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ನಾವು ಹಾಕುವ ಸ್ವಿಚ್ಚಿನ ಇನ್ನೊಂದು ತುದಿಯಲ್ಲಿ ಮುಳುಗಿದ ಊರುಗಳಿವೆ ಎಂಬುದನ್ನು ಸಮಾಜ ವಿಜ್ಞಾನದ ಪಾಠಕ್ಕಿಂತ ಈ ಕಾದಂಬರಿ ಚೆನ್ನಾಗಿ ಮನಸ್ಸಿಗೆ ತರುತ್ತದೆ.

• ಒಂಬತ್ತು: ತೇಜಸ್ವಿಯವರ ‘ಕರ್ವಾಲೊ’. ಒಂದು ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ, ಶಾಲೆ ಕಲಿಸದ್ದನ್ನೆಲ್ಲ ಕಾಡಿನಲ್ಲಿ ಕಲಿತ ಮಂದಣ್ಣ. ದಡ್ಡ ಎಂದು ಬೈಸಿಕೊಂಡ ಮಕ್ಕಳು ಮಂದಣ್ಣನನ್ನು ಬಿಟ್ಟುಕೊಡುವುದಿಲ್ಲ. ಓದುವ ಶಕ್ತಿ ಸ್ವಲ್ಪ ಕಡಿಮೆಯಿದ್ದರೆ ಅವರದೇ ‘ಪರಿಸರದ ಕತೆ’ಯಿಂದ ಶುರುಮಾಡಿ.

• ಹತ್ತು: ಸಿದ್ಧಲಿಂಗಯ್ಯನವರ ‘ಊರುಕೇರಿ’. ಹಸಿವು, ಅಸ್ಪೃಶ್ಯತೆಯನ್ನು ನಗಿಸುತ್ತ ಹೇಳುವ ಆತ್ಮಕಥನ. ಎಲ್ಲಿ ನಕ್ಕೆ, ನಕ್ಕಿದ್ದಕ್ಕೆ ಎಲ್ಲಿ ನಾಚಿಕೆಯಾಯಿತು ಎಂದು ಪ್ರತಿಯೊಬ್ಬರೂ ಒಂದು ಪುಟ ಬರೆಯಲಿ. ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಡ.

ಕವಿತೆಗೆ ಬೇರೆಯೇ ಕ್ರಮ. ಒಂದು ಕವಿತೆಯನ್ನು ಮೇಷ್ಟ್ರು ಆರಿಸಲಿ, ಇನ್ನೊಂದನ್ನು ಮಕ್ಕಳು ತರಲಿ. ವಚನವೋ, ಜನಪದ ಗೀತೆಯೋ, ಸಿನಿಮಾ ಹಾಡೋ ಏನಾದರೂ ಸರಿ, ಒಂದೇ ಷರತ್ತು: ಅದರಲ್ಲಿ ತನಗೆ ಹಿಡಿಸಿದ ಒಂದು ಪದವನ್ನು ತೋರಿಸಬೇಕು.

ಜೊತೆಗಿರಲಿ ಸಿನಿಮಾ, ಕಾಮಿಕ್ಸ್

‘ಅಯ್ಯೋ, ಓದುವುದು ಬರೀ ಕಾಮಿಕ್ಸು’ ಎಂದು ಅಲವತ್ತುಕೊಳ್ಳುವ ಅಪ್ಪ ಅಮ್ಮಂದಿರು ಕೋಲ್ಕತ್ತದಿಂದ ಒಂದು ಸಂಗತಿ ತಿಳಿಯಬೇಕು. ಇಲ್ಲಿ ‘ಆನಂದಮೇಲಾ’ ಮಕ್ಕಳ ಪತ್ರಿಕೆಗೆ ಟಿನ್‌ಟಿನ್ ಸಾಹಸಗಳನ್ನು ಬಂಗಾಳಿಗೆ ತಂದವರು ನೀರೇಂದ್ರನಾಥ ಚಕ್ರವರ್ತಿ, ಬಂಗಾಳಿಯ ಬಹು ದೊಡ್ಡ ಕವಿ. ಟಿನ್‌ಟಿನ್‌ನ ನಾಯಿಗೆ ಅವರು ‘ಕುಟ್ಟುಶ್’ ಎಂದು ಹೆಸರಿಟ್ಟರು. ಬಂಗಾಳಿ ಮಕ್ಕಳಿಗೆ ಅದು ಇಂದಿಗೂ ತಮ್ಮ ಬೀದಿಯದೇ ನಾಯಿ. ‘ಬಾಟುಲ್ ದಿ ಗ್ರೇಟ್’, ‘ಹಾಂದಾ ಭೋಂದಾ’ ಬರೆದ ನಾರಾಯಣ ದೇವನಾಥರಿಗೆ ಪದ್ಮಶ್ರೀ ಬಂತು. ಮಕ್ಕಳ ಓದನ್ನು ಈ ಊರು ಕೆಳದರ್ಜೆಯ ಕೆಲಸ ಎಂದುಕೊಳ್ಳಲಿಲ್ಲ. ಒಳ್ಳೆಯ ಕೈಗಳೇ ಅದಕ್ಕೆ ದುಡಿದವು.

ಸಿನಿಮಾವನ್ನೂ ಪುಸ್ತಕದ ಎದುರಾಳಿ ಮಾಡಬೇಡಿ, ಜೋಡಿ ಮಾಡಿ. ‘ಪಥೇರ್ ಪಾಂಚಾಲಿ’ ಸಿನಿಮಾದಲ್ಲಿ ಅಪು ಎಸೆಯುವುದು ಕುಂಕುಮದ ಡಬ್ಬಿಯಲ್ಲ, ಒಂದು ಸರ. ಎಸೆಯುವುದು ಬಿದಿರು ಮೆಳೆಗಲ್ಲ, ಪಾಚಿಗಟ್ಟಿದ ಕೆರೆಗೆ. ನೀರಿನ ಮೇಲೆ ಪಾಚಿ ಮೆಲ್ಲಗೆ ಬಿರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ನಿರ್ದೇಶಕರು ಇದನ್ನು ಏಕೆ ಬದಲಿಸಿದರು? ಈ ಒಂದು ಪ್ರಶ್ನೆಯಿಂದ ಬರವಣಿಗೆ ಏನು ಮಾಡುತ್ತದೆ, ಕ್ಯಾಮೆರಾ ಏನು ಮಾಡುತ್ತದೆ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಕನ್ನಡದಲ್ಲಿ ಇಂಥ ಜೋಡಿಗಳು ಬೇಕಾದಷ್ಟಿವೆ: ‘ಚೋಮನ ದುಡಿ’ಗೆ ಬಿ.ವಿ. ಕಾರಂತರ ಚಿತ್ರ, ‘ತಬರನ ಕತೆ’ಗೆ ಗಿರೀಶ ಕಾಸರವಳ್ಳಿಯವರ ಚಿತ್ರ. ತೇಜಸ್ವಿಯವರ ‘ಡೇರ್‌ಡೆವಿಲ್ ಮುಸ್ತಫಾ’ ಕತೆ 2023ರಲ್ಲಿ ಸಿನಿಮಾ ಆಯಿತು. ಅದರಲ್ಲಿರುವವರೆಲ್ಲ ಕಾಲೇಜು ಮೆಟ್ಟಿಲು ಹತ್ತಿದ ಹುಡುಗರು. ಕತೆ ಮೊದಲು ಓದಿಸಿ, ಆಮೇಲೆ ಸಿನಿಮಾ. ತಿರುಗುಮುರುಗಾದರೆ ಪುಸ್ತಕ ತೆರೆಯುವವರಿಲ್ಲ.

ಎಂಟು ವಾರದಲ್ಲಿ ಒಂದು ಪುಸ್ತಕ

ಇನ್ನೂರು ಪುಟದೊಳಗಿನ ಪುಸ್ತಕಕ್ಕೆ ವಾರಕ್ಕೊಂದು ಅವಧಿಯಂತೆ ಎಂಟು ವಾರ ಸಾಕು. ಮೊದಲ ವಾರ ಮೇಷ್ಟ್ರೇ ಓದಲಿ, ಮಕ್ಕಳು ಕೇಳಲಿ. ಎರಡರಿಂದ ಆರನೇ ವಾರದವರೆಗೆ ಮನೆಯಲ್ಲಿ ಒಂದಷ್ಟು ಪುಟ, ತರಗತಿಯಲ್ಲಿ ಒಂದೇ ಪ್ರಶ್ನೆ. ಏಳನೇ ವಾರ ಮಕ್ಕಳಿಗೆ ಬೇಕಾದ್ದು: ಒಂದು ದೃಶ್ಯ ಆಡಲಿ, ಚಿತ್ರ ಬರೆಯಲಿ, ಪಾತ್ರವೊಂದಕ್ಕೆ ಕಾಗದ ಬರೆಯಲಿ. ಎಂಟನೇ ವಾರ ತೀರ್ಪು: ಮುಂದಿನ ವರ್ಷದ ತರಗತಿಗೆ ಈ ಪುಸ್ತಕ ಬೇಕೇ ಬೇಡವೇ ಎಂದು ಮತ ಹಾಕಲಿ, ಕಾರಣ ಬರೆಯಲಿ. ಆ ಚೀಟಿಗಳನ್ನು ಜೋಪಾನ ಮಾಡಿ; ನಾಲ್ಕು ವರ್ಷ ಕಳೆದರೆ ನಿಮ್ಮ ಶಾಲೆಗೆ ಯಾವ ಸಮಿತಿಯೂ ಕೊಡಲಾಗದ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ.

ಒಂದೇ ಒಂದು ತಪ್ಪು ಮಾಡಬೇಡಿ: ಮಕ್ಕಳ ಉತ್ತರವನ್ನು ತಿದ್ದಿ ತಿದ್ದಿ ನಿಮ್ಮದು ಮಾಡಬೇಡಿ. ಬಂಗಾಳದ ಹತ್ತನೇ ತರಗತಿಯ ಸಂಕಲನದಲ್ಲಿ ಆಶಾಪೂರ್ಣಾ ದೇವಿಯವರ ‘ಜ್ಞಾನಚಕ್ಷು’ ಎಂಬ ಕತೆಯಿದೆ. ಶಾಲೆಯ ಮುಖವನ್ನೇ ನೋಡದೆ ಬೆಳೆದು, ಜ್ಞಾನಪೀಠ ಪಡೆದ ಮೊದಲ ಮಹಿಳೆಯಾದವರು ಅವರು. ಕತೆಯ ತಪನ್ ಎಂಬ ಹುಡುಗ ಒಂದು ಕತೆ ಬರೆಯುತ್ತಾನೆ. ಲೇಖಕರಾದ ಚಿಕ್ಕಪ್ಪ ‘ಸ್ವಲ್ಪ ತಿದ್ದಿ’ ಪತ್ರಿಕೆಯಲ್ಲಿ ಹಾಕಿಸುತ್ತಾರೆ. ಮನೆಮಂದಿಯೆಲ್ಲ ಕೂತು, ಓದಪ್ಪಾ ಎಂದಾಗ ತಪನ್ ಓದಲು ಹೊರಡುತ್ತಾನೆ. ಅದರಲ್ಲಿ ಅವನದೆಂಬ ಒಂದು ಸಾಲೂ ಉಳಿದಿಲ್ಲ. ಮೇಷ್ಟ್ರುಗಳೆಲ್ಲ ವರ್ಷಾರಂಭದಲ್ಲಿ ಒಮ್ಮೆ ಓದಬೇಕಾದ ಕತೆ ಇದು.

ಕೋಲ್ಕತ್ತದ ಕನ್ನಡ ಮನೆಗಳಿಗೆ

ಬ್ಯಾಂಕು, ಕೇಂದ್ರ ಸರ್ಕಾರದ ಕಚೇರಿ, ಹೋಟೆಲು, ಸಂಶೋಧನಾ ಸಂಸ್ಥೆ ಎಂದು ಈ ಊರಿಗೆ ಬಂದ ಕನ್ನಡ ಮನೆಗಳಲ್ಲಿ ಇನ್ನೊಂದು ತಾಪತ್ರಯ. ಮಗು ಕನ್ನಡ ಮಾತಾಡುತ್ತದೆ, ಓದುವುದಿಲ್ಲ. ಸಿಬಿಎಸ್‌ಇ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಆದರೆ ಇಲ್ಲಿ ಅದನ್ನು ಹೇಳಿಕೊಡುವವರನ್ನು ಹುಡುಕುವುದು ಕಷ್ಟ. ಇಂಥ ಮಕ್ಕಳಿಗೆ ವಯಸ್ಸಿನ ಪುಸ್ತಕ ಓದಲು ಕಷ್ಟ, ಓದಲಾಗುವ ಪುಸ್ತಕ ವಯಸ್ಸಿಗೆ ಎಳಸು. ಹದಿನಾಲ್ಕರ ಹುಡುಗನ ಕೈಗೆ ಕಾಗೆ–ನರಿ ಕತೆ ಕೊಟ್ಟರೆ ಅವನಿಗೆ ಅವಮಾನವಾಗುತ್ತದೆ.

ದಾರಿ ಇದೆ. ಪುಸ್ತಕ ಅವನ ವಯಸ್ಸಿನದೇ ಇರಲಿ, ಓದುವವರು ನೀವಾಗಿ. ರಾತ್ರಿ ಊಟದ ನಂತರ ಹತ್ತು ನಿಮಿಷ ‘ಕರ್ವಾಲೊ’ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸಿ. ಸಂಭಾಷಣೆಯ ಸಾಲುಗಳನ್ನು ಮಾತ್ರ ಅವನು ಓದಲಿ. ಸಾಲು ಸಣ್ಣದು, ಮಾತು ಪರಿಚಿತ. ಒಂದೆರಡು ತಿಂಗಳಲ್ಲಿ ಅವನ ಕಣ್ಣು ನಿಮ್ಮ ದನಿಗಿಂತ ಮುಂದೆ ಓಡುತ್ತದೆ. ಅವನ ಬಂಗಾಳಿ ಗೆಳೆಯರು ಶಾಲೆಯಲ್ಲಿ ‘ಕೋನಿ’ ಓದುತ್ತಿದ್ದರೆ ಅದರ ಕತೆಯನ್ನು ಅವನಿಂದ ಕನ್ನಡದಲ್ಲಿ ಹೇಳಿಸಿ. ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದು ಒಂದು ತಲೆಮಾರಿಗೆ ಕಾದಂಬರಿ ಓದಿನ ರುಚಿ ಹಚ್ಚಿದ ಬಿ. ವೆಂಕಟಾಚಾರ್ಯರೂ ಮಾಡಿದ್ದು ಇದನ್ನೇ, ಈ ನೀರನ್ನು ಆ ಕೊಡಕ್ಕೆ ಸುರಿಯುವ ಕೆಲಸ.

ಪುಸ್ತಕ ಎಲ್ಲಿ ಸಿಗುತ್ತದೆ ಎಂಬ ಚಿಂತೆ ಬೇಡ. ಬೆಂಗಳೂರಿನ ಪ್ರಕಾಶಕರು ಅಂಚೆಯಲ್ಲಿ ಕಳಿಸುತ್ತಾರೆ. ಕೊಳ್ಳುವ ಮೊದಲು ತಿರುವಿ ನೋಡಬೇಕೆಂದರೆ ಆಲಿಪುರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕನ್ನಡ ವಿಭಾಗವಿದೆ. 1954ರ ಕಾಯಿದೆಯಂತೆ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಿನಲ್ಲೇ ಅಲ್ಲಿಗೆ ಕಳಿಸಬೇಕು. ಗದುಗಿನಲ್ಲಿ ಅಚ್ಚಾದ ಕಾದಂಬರಿಗೂ ಆಲಿಪುರದಲ್ಲಿ ಒಂದು ಜಾಗವಿದೆ. ಸ್ವಾತಂತ್ರ್ಯಾನಂತರ ಆ ಗ್ರಂಥಾಲಯವನ್ನು ಕಟ್ಟಿದ ಮೊದಲ ಗ್ರಂಥಪಾಲಕರು ಬಿ.ಎಸ್. ಕೇಶವನ್. ಹೆಸರಿನ ಮೊದಲಕ್ಷರ ಬಿಡಿಸಿದರೆ ಬಳ್ಳಾರಿ ಶಾಮಣ್ಣ ಕೇಶವನ್.

ಇಷ್ಟೆಲ್ಲ ಓದಿದ ಮೇಲೆ ಮಾಡಬೇಕಾದ್ದು ಸಣ್ಣ ಕೆಲಸ. ಮೇಲಿನ ಪಟ್ಟಿಯಿಂದ ಒಂದೇ ಒಂದು ಪುಸ್ತಕ ಆರಿಸಿ, ತರಗತಿಗೆ ಹತ್ತು ಪ್ರತಿ ಕೊಳ್ಳಿ, ಇಬ್ಬರಿಗೊಂದು, ಮೂವರಿಗೊಂದು ಹಂಚಿ. ವರ್ಷದ ಕೊನೆಗೆ ಎಣಿಸಿ ನೋಡಿ. ಹತ್ತೂ ಪ್ರತಿ ಮಡಿಕೆ ಬೀಳದೆ ವಾಪಸು ಬಂದಿದ್ದರೆ ಆಯ್ಕೆ ತಪ್ಪಿದೆ, ಮುಂದಿನ ವರ್ಷ ಬದಲಿಸಿ. ಒಂದೆರಡು ಮರಳದೆ ಯಾರದೋ ಮನೆಯಲ್ಲಿ ಉಳಿದುಕೊಂಡಿದ್ದರೆ ದಂಡ ಹಾಕಬೇಡಿ. ನಿಮ್ಮ ಆಯ್ಕೆ ಸರಿಯಿತ್ತು.